ಕಾನೂನು ಕೇಳದಿದ್ದ ದೀಪ

ಸರೋವರವೆಂದೊಡನೆ ನಮ್ಮ ಮನಸ್ಸಿನಲ್ಲಿ ತಾವರೆಗಳಿಂದಲೂ ಸೋಪಾನಗಳಿಂದಲೂ ಕೂಡಿದ ಶಾಂತ ಜಲರಾಶಿಯ ಚಿತ್ರ ಮೂಡುವುದು ಸಹಜ. ಆದರೆ ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲೊಂದಾದ ಮಿಷಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರುಗಳು. ಒಂದು ದಡದಲ್ಲಿ ನಿಂತವನಿಗೆ ಎದುರು ದಡ ಕಾಣಿಸದು. ಬಿರುಗಾಳಿ ಎದ್ದರೆ ಸಮುದ್ರದಂತೆಯೇ ಭೋರ್ಗರೆಯುತ್ತದೆ. 1860ರ ಸೆಪ್ಟೆಂಬರ್ 8ರ ಬೆಳಗಿನ ಜಾವ ಅಲ್ಲಿ 'ಲೇಡಿ ಎಲ್ಗಿನ್' ಎಂಬ ಉಗಿಹಡಗು ಮುಳುಗಿ ಸುಮಾರು 300 ಮಂದಿ ಜೀವ ಕಳೆದುಕೊಂಡರು. ಪ್ರಯಾಣಿಕರ ಪಟ್ಟಿಯೂ ಹಡಗಿನೊಡನೆ ನೀರುಪಾಲಾದ್ದರಿಂದ ಸತ್ತವರ ನಿಖರ ಲೆಕ್ಕ ಇಂದಿಗೂ ಸಿಕ್ಕಿಲ್ಲ.

ಎರಡು ಪಕ್ಕಗಳಲ್ಲಿ ದೊಡ್ಡ ಚಕ್ರಗಳನ್ನುಳ್ಳ ಈ ಮರದ ಹಡಗು 1851ರಲ್ಲಿ ಬಫಲೋ ನಗರದಲ್ಲಿ ನಿರ್ಮಾಣವಾಯಿತು. ಆಗ ಕೆನಡಾದ ಗವರ್ನರ್ ಜನರಲ್ ಆಗಿದ್ದ ಎಲ್ಗಿನ್ ಪ್ರಭುವಿನ ಪತ್ನಿಯ ಹೆಸರನ್ನು ಅದಕ್ಕೆ ಇಟ್ಟರು. ಇದೇ ಎಲ್ಗಿನ್ 1862ರಲ್ಲಿ ಭಾರತದ ವೈಸರಾಯ್ ಆಗಿ ಬಂದು, ಮರುವರ್ಷ ಧರ್ಮಶಾಲೆಯಲ್ಲಿ ನಿಧನ ಹೊಂದಿದರು.

ಅಂದಿನ ಪ್ರಯಾಣಿಕರಲ್ಲಿ ಬಹುಮಂದಿ ಮಿಲ್ವಾಕಿ ನಗರದ ಐರಿಷ್ ಕುಟುಂಬಗಳವರು. ಗುಲಾಮಗಿರಿಯ ಪ್ರಶ್ನೆಯಲ್ಲಿ ವಿಸ್ಕಾನ್ಸಿನ್ ರಾಜ್ಯಕ್ಕೂ ಕೇಂದ್ರ ಸರ್ಕಾರಕ್ಕೂ ವಿರಸ ಬೆಳೆದಿದ್ದ ಕಾಲವದು. ಕೇಂದ್ರದ ವಿರುದ್ಧ ನಿಲ್ಲಲಾರೆನೆಂದು ಐರಿಷ್ ಸ್ವಯಂಸೇವಕ ದಳದ ನಾಯಕ ಗ್ಯಾರೆಟ್ ಬ್ಯಾರಿ ಹೇಳಿದ್ದರಿಂದ ರಾಜ್ಯ ಸರ್ಕಾರ ಆ ದಳದ ಆಯುಧಗಳನ್ನು ಹಿಂದಕ್ಕೆ ಪಡೆಯಿತು. ಹೊಸ ಆಯುಧಗಳಿಗಾಗಿ ಹಣ ಕೂಡಿಸಲು ಏರ್ಪಟ್ಟದ್ದೇ ಷಿಕಾಗೋ ನಗರಕ್ಕೆ ಈ ವಿಹಾರಯಾತ್ರೆ.

ಹಡಗು ಷಿಕಾಗೋದಿಂದ ಹಿಂದಿರುಗಲು ಹೊರಟಾಗ ರಾತ್ರಿ ಬಹಳವಾಗಿತ್ತು. ಗಾಳಿ ಬಿರುಸಾದರೂ ಒಳಗೆ ವಾದ್ಯ, ನೃತ್ಯ ನಡೆದೇ ಇದ್ದವು. ಸುಮಾರು ಎರಡೂವರೆ ಗಂಟೆಗೆ, ಮರದ ದಿಮ್ಮಿಹಲಗೆಗಳನ್ನು ಹೇರಿಕೊಂಡು ಬರುತ್ತಿದ್ದ 'ಅಗಸ್ಟಾ' ಎಂಬ ಹಾಯಿಹಡಗು ಇದರ ಎಡಪಕ್ಕಕ್ಕೆ ಅಪ್ಪಳಿಸಿತು. ಅಗಸ್ಟಾದವರಿಗೆ ಉಗಿಹಡಗಿನ ದೀಪಗಳು ದೂರದಿಂದಲೇ ಕಂಡಿದ್ದವು. ಆದರೆ ಅದು ಸಾಗುತ್ತಿದ್ದ ದಿಕ್ಕನ್ನು ಸಕಾಲದಲ್ಲಿ ಸರಿಯಾಗಿ ಗ್ರಹಿಸಲಿಲ್ಲ. ಅಗಸ್ಟಾದಲ್ಲಿಯಾದರೋ ಎಡಬಲಗಳನ್ನು ತೋರಿಸುವ ಬಣ್ಣದ ದೀಪಗಳೇ ಇರಲಿಲ್ಲ. ಅದರ ಕಪ್ತಾನ ಮ್ಯಾಲಟ್, ಉಗಿಹಡಗಿಗೆ ಹೆಚ್ಚು ಪೆಟ್ಟಾಗಿಲ್ಲವೆಂದು ಭಾವಿಸಿ, ತನ್ನ ಹಡಗಿನ ಚಿಂತೆಯಲ್ಲಿ ಷಿಕಾಗೋ ಕಡೆಗೆ ಸಾಗಿದನು.

ಇತ್ತ ಲೇಡಿ ಎಲ್ಗಿನ್ನಿನ ಕಪ್ತಾನ ಜ್ಯಾಕ್ ವಿಲ್ಸನ್, ಒಡೆದ ಭಾಗ ನೀರಿನಿಂದ ಮೇಲೇಳಲೆಂದು ಸರಕನ್ನೂ, ಹಡಗಿನಲ್ಲಿದ್ದ ದನಗಳನ್ನೂ ಸರೋವರಕ್ಕೆ ತಳ್ಳಿಸಿದನು. ಯಾತ್ರೆಯನ್ನು ಬಯಸದ, ಮಾತನಾಡಲಾರದ ಆ ಮೂಕ ಪ್ರಾಣಿಗಳೇ ಮೊದಲು ಬಲಿಯಾದವು. ಹಾಸಿಗೆಗಳನ್ನು ತುರುಕಿದರೂ ರಂಧ್ರ ಮುಚ್ಚಲಿಲ್ಲ. ಅರ್ಧ ಗಂಟೆಯೊಳಗೆ ಹಡಗು ಒಡೆದು ಮುಳುಗಿತು. ವಾದ್ಯದವನೊಬ್ಬ ತನ್ನ ದೊಡ್ಡ ನಗಾರಿಯನ್ನೇ ಆಶ್ರಯಿಸಿ ಬದುಕಿದನು. ವಿಲ್ಸನ್ ಕೊನೆಯವರೆಗೂ ಇತರರನ್ನು ರಕ್ಷಿಸಲು ಹೆಣಗಿ ತಾನು ಅಲೆಗಳಿಗೆ ಬಲಿಯಾದನು. ಗ್ಯಾರೆಟ್ ಬ್ಯಾರಿಯೂ ಉಳಿಯಲಿಲ್ಲ.

ಬೆಳಕು ಹರಿದಾಗ ಹಲಗೆಗಳನ್ನು ಹಿಡಿದವರು ವಿನೆಟ್ಕಾ ತೀರದ ಸಮೀಪಕ್ಕೆ ತೇಲಿಬಂದರು. ರಾತ್ರಿಯೆಲ್ಲ ಬದುಕಿದ್ದವರಲ್ಲಿ ಅನೇಕರು ದಡ ಕಣ್ಣೆದುರಿಗಿದ್ದಾಗಲೇ ಅಲೆಗಳ ಹೊಡೆತಕ್ಕೆ ಸಿಕ್ಕಿ ಸತ್ತರು. ಆಗ ಎಡ್ವರ್ಡ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮತ್ತೆ ಮತ್ತೆ ನೀರಿಗಿಳಿದು 17 ಮಂದಿಯನ್ನು ದಡಕ್ಕೆ ತಂದನು. ತೇಲುವ ಮರಗಳು ಬಡಿದು ಗಾಯಗೊಂಡರೂ ನಿಲ್ಲಿಸಲಿಲ್ಲ. ಅವನ ಆರೋಗ್ಯ ಮುಂದೆ ಪೂರ್ಣವಾಗಿ ಸುಧಾರಿಸಲಿಲ್ಲ. ಬಳಲಿ ಮಲಗಿದ್ದಾಗ, ತಾನು ಮಾಡಬಹುದಾದುದನ್ನೆಲ್ಲ ಮಾಡಿದೆನೇ ಎಂದು ಅವನು ಸಹೋದರನನ್ನು ಕೇಳುತ್ತಿದ್ದನೆಂದು ಹೇಳುತ್ತಾರೆ.

ಮ್ಯಾಲಟ್‌ನನ್ನು ಕಾನೂನು ದಂಡಿಸಲಿಲ್ಲ. ಆಗಿನ ನಿಯಮದಂತೆ ಹಾಯಿಹಡಗಿಗೆ ದಾರಿ ಬಿಡುವ ಹೊಣೆ ಉಗಿಹಡಗಿನದು. ಹಾಯಿಹಡಗುಗಳು ಬಣ್ಣದ ದೀಪಗಳನ್ನು ಹಚ್ಚಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಆ ಕಟ್ಟಳೆ ಬಂದದ್ದು 1864ರಲ್ಲಿ. ಜನರ ಕೋಪಕ್ಕೆ ಅಂಜಿ ಅಗಸ್ಟಾದ ಬಣ್ಣವನ್ನೂ ಹೆಸರನ್ನೂ ಬದಲಾಯಿಸಿದರು. ಲೇಡಿ ಎಲ್ಗಿನ್ನಿನ ಅವಶೇಷಗಳು 1989ರಲ್ಲಿ ಸರೋವರದ ತಳದಲ್ಲಿ ಪತ್ತೆಯಾದವು.

ನಾನು ಬಹುಕಾಲ ವ್ಯಾಪಾರದಲ್ಲಿ ಕಳೆದವನು. ಲೆಕ್ಕಪತ್ರ ಸರಿಯಾಗಿದೆ, ತೆರಿಗೆ ಕಟ್ಟಿದೆ, ಕಾನೂನಿನಂತೆ ನನ್ನ ಮೇಲೆ ಬಾಕಿ ಇಲ್ಲ ಎಂದು ಎಷ್ಟೋ ಸಲ ನೆಮ್ಮದಿಯಾಗಿ ಅಂಗಡಿ ಮುಚ್ಚಿದ್ದೇನೆ. ಈ ಕಥೆಯನ್ನು ಓದಿದಾಗ ಆ ನೆಮ್ಮದಿ ಕೊಂಚ ಕದಲಿತು. ಮ್ಯಾಲಟ್ ಕ್ರೂರಿಯಲ್ಲ, ಯಾರನ್ನೂ ಕೊಲ್ಲಬೇಕೆಂದು ಬಗೆದವನಲ್ಲ. ಅವನ ತಪ್ಪು ಪ್ರಮಾದ. ಎಂದರೆ ಎಚ್ಚರದ ಅಭಾವ. ದೀಪವನ್ನು ಕಾನೂನು ಕೇಳಿರಲಿಲ್ಲ, ಕತ್ತಲು ಕೇಳಿತ್ತು. ಡಿಕ್ಕಿಯಾದ ಮೇಲಾದರೂ ಹಿಂದಿರುಗಿ ನೋಡಬಹುದಿತ್ತೆಂಬ ಮಾತು ಉಳಿದೇ ಇದೆ. ಆದರೂ ಆ ಬಿರುಗಾಳಿಯಲ್ಲಿ ಅವನ ಸ್ಥಾನದಲ್ಲಿ ನಾನಿದ್ದರೆ ಹಿಂದಿರುಗುತ್ತಿದ್ದೆನೆಂದು ಎದೆ ಮುಟ್ಟಿ ಹೇಳಲಾರೆ.

ಯಾತ್ರೆಗಳನ್ನೂ ಉತ್ಸವಗಳನ್ನೂ ಏರ್ಪಡಿಸುವ ನಮ್ಮ ಸಂಸ್ಥೆಗಳು ಬಸ್ಸನ್ನೋ ದೋಣಿಯನ್ನೋ ಗೊತ್ತುಮಾಡುವಾಗ ರಸೀದಿ, ಪರವಾನಗಿಗಳನ್ನು ಪರಿಶೀಲಿಸುತ್ತವೆ. ಅದು ಅಗತ್ಯ, ಆದರೆ ಸಾಲದು. ಚಾಲಕನು ನಿದ್ರೆ ಮಾಡಿದ್ದಾನೆಯೇ, ದೋಣಿಯಲ್ಲಿ ಜನ ಹೆಚ್ಚಾದರೇ ಎಂದು ವಿಚಾರಿಸುವವರು ಒಬ್ಬರಾದರೂ ಇರಬೇಕು. 17 ಜೀವ ಉಳಿಸಿದವನು ಕೇಳಿಕೊಂಡ ಪ್ರಶ್ನೆಯನ್ನು ಯಾತ್ರೆ ಹೊರಡುವ ಮುನ್ನವೇ ನಾವು ಕೇಳಿಕೊಳ್ಳುವುದು ಲೇಸು.