ಹನ್ನೆರಡಕ್ಕೆ ಮುನ್ನ: ಶಾಲಾ ಮಕ್ಕಳ ದಂತಪಂಕ್ತಿ ದೋಷಗಳ ಪತ್ತೆ ಮತ್ತು ತಡೆ

ಶಾಲಾ ಮಕ್ಕಳ ಹಲ್ಲಿನ ಸಮೀಕ್ಷೆಗಳಲ್ಲಿ 12ನೇ ವಯಸ್ಸಿಗೆ ವಿಶೇಷ ಸ್ಥಾನವಿದೆ. ವಿಶ್ವ ಆರೋಗ್ಯ ಸಂಸ್ಥೆಯ 1997ರ ಮಾರ್ಗದರ್ಶಿಯಲ್ಲಿ ಸೇರಿದ, ಹಲ್ಲಿನ ಸಾಲಿನ ದೋಷವನ್ನು ಅಂಕಗಳಲ್ಲಿ ಅಳೆಯುವ ದಂತ ಸೌಂದರ್ಯ ಸೂಚ್ಯಂಕವೂ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ತುಂಬಿದ ಬಾಯಿಗೇ ಹೊಂದುವಂಥದು. ಅದರ ಪ್ರಕಾರ ಅಂಕ 25ರ ಒಳಗಿದ್ದರೆ ಚಿಂತೆಯಿಲ್ಲ. 36 ಮುಟ್ಟಿದರೆ ಚಿಕಿತ್ಸೆ ಅನಿವಾರ್ಯ. ಊರೂರುಗಳ ಸ್ಥಿತಿಯನ್ನು ಹೋಲಿಸಿ ನೋಡಲು ಈ ಅಳತೆ ಬೇಕು. ತಡೆಗಟ್ಟುವುದೇ ಗುರಿಯಾದರೆ ಮಾತ್ರ 12 ತೀರಾ ತಡ. ಆ ವೇಳೆಗೆ ಹೆಚ್ಚಿನ ಮಕ್ಕಳಿಗೆ ಉಳಿಯುವ ದಾರಿ ಹಲ್ಲಿಗೆ ಕ್ಲಿಪ್ ಹಾಕಿಸುವುದೊಂದೇ.

ಸುಮಾರು 6ನೇ ವಯಸ್ಸಿಗೆ ಮೊದಲ ಕಾಯಂ ದವಡೆಹಲ್ಲು ಹಾಲುಹಲ್ಲುಗಳ ಸಾಲಿನ ಹಿಂದೆ ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿಯುವ ತಂದೆತಾಯಿಯರಿದ್ದಾರೆ. 1899ರಲ್ಲಿ ಎಡ್ವರ್ಡ್ ಆಂಗಲ್ ದಂತಪಂಕ್ತಿ ದೋಷಗಳನ್ನು ಮೂರು ವರ್ಗವಾಗಿ ವಿಂಗಡಿಸಿದ್ದು ಈ ಹಲ್ಲು ಕೂಡುವ ಬಗೆಯನ್ನು ನೋಡಿಯೇ. ಇದರ ಮುಂದಿರುವ ಎರಡನೇ ಹಾಲು ದವಡೆಹಲ್ಲು ಬೀಳುವುದು 10ರಿಂದ 12ರ ನಡುವೆ. ಹಾಲಿನ ಕೋರೆ ಮತ್ತು ಎರಡು ದವಡೆಹಲ್ಲುಗಳ ಒಟ್ಟು ಅಗಲವು ಅವುಗಳ ಜಾಗಕ್ಕೆ ಬರುವ ಕಾಯಂ ಹಲ್ಲುಗಳಿಗಿಂತ ಕೆಳದವಡೆಯ ಒಂದೊಂದು ಬದಿಗೆ ಸರಾಸರಿ 1.7 ಮಿ.ಮೀ., ಮೇಲ್ದವಡೆಯಲ್ಲಿ 0.9 ಮಿ.ಮೀ. ಹೆಚ್ಚು. ಈ ಕೂದಲೆಳೆಯಷ್ಟು ಜಾಗವೇ ಬಾಯಿಯ ಉಳಿತಾಯ. ಹುಳುಕು ಹಿಡಿದ ಹಾಲುಹಲ್ಲನ್ನು ಏಳನೇ ವಯಸ್ಸಿನಲ್ಲಿ ಕಿತ್ತರೆ ಹಿಂದಿನ ದವಡೆಹಲ್ಲು ಮುಂದಕ್ಕೆ ವಾಲಿ ಜಾಗವನ್ನು ನುಂಗುತ್ತದೆ. ಮುಂದೆ ಬರಬೇಕಾದ ಹಲ್ಲು ಸಾಲು ತಪ್ಪಿ ಹುಟ್ಟುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ‘ಬೀಳೋ ಹಲ್ಲು ತಾನೇ, ಹೋದರೆ ಹೋಗಲಿ’ ಎಂಬ ಮಾತಿನಿಂದ ಆಗುವ ನಷ್ಟ ಇದು. ಆದ್ದರಿಂದ ಹಾಲು ದವಡೆಹಲ್ಲಿನ ಹುಳುಕು ತುಂಬಿಸುವುದೇ ವಕ್ರದಂತಕ್ಕೆ ಮೊದಲ ತಡೆ ಎಂಬುದು ನನ್ನ ದೃಢವಾದ ನಿಲುವು. ಕೀಳಲೇಬೇಕಾದರೆ ಪಕ್ಕದ ಹಲ್ಲಿಗೆ ಲೋಹದ ಪಟ್ಟಿ ತೊಡಿಸಿ, ತಂತಿಯ ಕುಣಿಕೆಯಿಂದ ಆ ಜಾಗ ಕಾಯಬೇಕು.

ಪತ್ತೆಗೆ ದುಬಾರಿ ಸಲಕರಣೆ ಬೇಡ. ಬಾಯಿಕನ್ನಡಿ, ಟಾರ್ಚು ಸಾಕು; ಬೇಕಾದ್ದು ತಾಳ್ಮೆ. ‘ಹಲ್ಲು ಕಚ್ಚು’ ಎಂದೊಡನೆ ಮಗು ಕೆಳದವಡೆಯನ್ನು ಮುಂದೆ ತಂದು ಬಾಚಿಹಲ್ಲು ತೋರಿಸುತ್ತದೆ. ಇದು ನಿಜವಾದ ಕಚ್ಚಲ್ಲ. ನಾಲಿಗೆಯ ತುದಿಯನ್ನು ಅಂಗಳದ ಹಿಂಭಾಗಕ್ಕೆ ಮುಟ್ಟಿಸಿ, ಉಗುಳು ನುಂಗಿ ಬಾಯಿ ಮುಚ್ಚಲು ಹೇಳಬೇಕು. ಮುಚ್ಚುವಾಗ ದವಡೆ ಒಂದು ಬದಿಗೆ ಸರಿದರೆ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುತ್ತಿರುವ ಶಂಕೆಯಿದೆ. ಅದನ್ನು ಬೇಗ ಸರಿಪಡಿಸಬೇಕು. ಸದಾ ತೆರೆದ ಬಾಯಿ, ಒಣಗಿದ ತುಟಿ, ಚೀಪಿ ಚೀಪಿ ಬಿಳಿಚಿ ಗಂಟುಗಟ್ಟಿದ ಹೆಬ್ಬೆರಳು: ಹಲ್ಲಿನ ಸಾಲು ಕೆಡಿಸುವ ಅಭ್ಯಾಸಗಳ ಈ ಗುರುತುಗಳು ಶಿಕ್ಷಕರ ಕಣ್ಣಿಗೂ ಬೀಳುವಂಥವು.

ಅವಸರವೂ ಸಲ್ಲದು. ಎಂಟರಿಂದ ಹನ್ನೊಂದರ ನಡುವೆ ಮೇಲಿನ ಬಾಚಿಹಲ್ಲುಗಳ ನಡುವೆ ಕಾಣುವ ಸಂದು ಕೋರೆಹಲ್ಲು ಇಳಿದ ಮೇಲೆ ಹಲವರಲ್ಲಿ ತಾನೇ ಮುಚ್ಚುತ್ತದೆ. ಹತ್ತರ ಹೊತ್ತಿಗೆ ಆ ಕೋರೆಯ ಉಬ್ಬು ವಸಡಿನ ಮೇಲೆ ಬೆರಳಿಗೆ ಸಿಗದಿದ್ದರೆ ಮಾತ್ರ, ಅದು ದಾರಿ ತಪ್ಪಿದೆಯೇ ಎಂದು ತಿಳಿಯಲು ಎಕ್ಸ್‌ರೇ ತೆಗೆಸಬೇಕು. 1988ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಪ್ರಕಟಿಸಿದ ಅಧ್ಯಯನದಲ್ಲಿ ಹಾಲಿನ ಕೋರೆಯನ್ನು ಸಕಾಲದಲ್ಲಿ ಕಿತ್ತಾಗ, ಅಂಗಳದ ಕಡೆಗೆ ಸರಿದಿದ್ದ 46 ಕಾಯಂ ಕೋರೆಗಳಲ್ಲಿ 36 ಸರಿದಾರಿಗೆ ಬಂದವು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡವು ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ಆ ಭೇಟಿಯಲ್ಲಿ ಎರಡನೇ ಮತ್ತು ಐದನೇ ತರಗತಿಯ ಪ್ರತಿ ಮಗುವಿನ ಹಲ್ಲಿನ ಕಚ್ಚು, ಜಾಗ ಹಾಗೂ ಕೋರೆಯ ಉಬ್ಬನ್ನು ನೋಡಿ ಕಾರ್ಡಿನಲ್ಲಿ ಬರೆಯುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕು.