ಅಭಯದಾನ ಮತ್ತು ಮಗುವಿನ ಹಾಸಿಗೆ

ತಲಕಾಡನ್ನು ಗೆದ್ದ ದಂಡನಾಯಕ ಗಂಗರಾಜನು ವಿಷ್ಣುವರ್ಧನನಿಂದ ಪಡೆದ ತಿಪ್ಪೂರನ್ನು ತನಗಾಗಿ ಇರಿಸಿಕೊಳ್ಳದೆ, ಕ್ರಿ.ಶ. 1117ರಲ್ಲಿ ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿ ಬಿಟ್ಟನು. ಅದೇ ಇಂದಿನ ಮದ್ದೂರು ತಾಲ್ಲೂಕಿನ ಅರೆತಿಪ್ಪೂರು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಕೊನೆಯದು ದಿಕ್ಕಿಲ್ಲದ ಮಕ್ಕಳಿಗೂ ಸಲ್ಲತಕ್ಕದ್ದು. ಮಂಡ್ಯ, ಮದ್ದೂರು, ಮಳವಳ್ಳಿಗಳು 1939ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದವು. ಆ ಮೈಸೂರಿನಲ್ಲಿ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು (1844–1933) ಅನಾಥಾಲಯವನ್ನು ಸ್ಥಾಪಿಸಿ, ಅಂಥ ಮಕ್ಕಳಿಗೆ ಅನ್ನದೊಡನೆ ಮಲಗುವ ನೆಲೆಯನ್ನೂ ಕಲ್ಪಿಸಿದರು.

ಒಂದು ಊಟದ ಫಲ ಆ ಹೊತ್ತಿಗೆ ಮುಗಿಯುತ್ತದೆ. ತನ್ನದೆನ್ನುವ ಹಾಸಿಗೆಯಾದರೋ ಮಗುವನ್ನು ಪ್ರತಿ ರಾತ್ರಿಯೂ ನಿರ್ಭಯವಾಗಿ ಮಲಗಿಸುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ಕೊಡುವ ಶ್ರಾವಕರೂ ಟ್ರಸ್ಟುಗಳೂ ಬರಿನೆಲದಲ್ಲಿ ಮಲಗುವ ಮಗುವಿಗಾಗಿ ಒಂದು ಪಾಲನ್ನು ತೆಗೆದಿರಿಸಿದರೆ, ಸ್ವಯಂಸೇವಕರು ಅದನ್ನು ತಲುಪಿಸಿಯಾರು.