ಸಾಕಮ್ಮ: ಒಂದು ಹೆಸರು, ಎರಡು ಧಾತು

ಸಾರಾಂಶ: ‘ಸಾಕಮ್ಮ’ ಎಂಬ ಹೆಸರನ್ನು ‘ಹೆಣ್ಣುಮಕ್ಕಳು ಇನ್ನು ಸಾಕು’ ಎಂಬ ಅರ್ಥದಲ್ಲಿ ವಿವರಿಸುವುದು ರೂಢಿ. ಕನ್ನಡದ ಎರಡು ಬೇರೆ ಬೇರೆ ಧಾತುಗಳು ಒಂದೇ ರೂಪ ತಾಳಿದ್ದರಿಂದ ಈ ವಿವರಣೆ ಸುಲಭವಾಗಿ ನೆಲೆಗೊಂಡಿದೆ ಎಂದು ಪ್ರಸ್ತುತ ಲೇಖನ ವಾದಿಸುತ್ತದೆ. ಹೆಸರಿನ ರಚನೆಯು ‘ಪೋಷಿಸು’ ಎಂಬರ್ಥದ ಧಾತುವಿಗೆ ಹೆಚ್ಚು ಒಗ್ಗುತ್ತದೆಯಾದರೂ ಅಂತಿಮ ನಿರ್ಣಯವನ್ನು ವ್ಯಾಕರಣವೊಂದೇ ಕೊಡಲಾರದು.

1. ಸಮಸ್ಯೆಯ ಸ್ವರೂಪ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಎರಡು ಮೂರು ತಲೆಮಾರುಗಳ ಹಿಂದೆ ಸಾಕಮ್ಮ, ಸಾಕವ್ವ ಎಂಬ ಹೆಸರುಗಳು ಸಾಮಾನ್ಯವಾಗಿದ್ದವು. ಇಂದು ಈ ಹೆಸರಿನವರು ಬಹುಪಾಲು ವೃದ್ಧೆಯರು. ಹೆಸರು ಅಪರೂಪವಾದಂತೆಲ್ಲ ಅದರ ಒಂದು ವಿವರಣೆ ಮಾತ್ರ ಗಟ್ಟಿಯಾಗುತ್ತ ಬಂದಿದೆ: ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದಾಗ ಕೊನೆಯವಳಿಗೆ ‘ಸಾಕು’ ಎಂದು ಹೆಸರಿಟ್ಟರೆ ಮುಂದೆ ಗಂಡು ಹುಟ್ಟುತ್ತದೆಂಬ ನಂಬಿಕೆ.

ನಾವೂ ಈ ವಿವರಣೆಯನ್ನೇ ಸ್ನಾತಕೋತ್ತರ ತರಗತಿಯೊಂದರಲ್ಲಿ ‘ಬೇಡದ ಮಗಳ ಹೆಸರು’ ಎಂಬುದಕ್ಕೆ ಉದಾಹರಣೆಯಾಗಿ ಹೇಳಿದ್ದೆವು. ತರಗತಿ ಮುಗಿದ ಬಳಿಕ ವಿದ್ಯಾರ್ಥಿನಿಯೊಬ್ಬರು ಬಂದು, ತಮ್ಮ ಅಜ್ಜಿಯ ಹೆಸರು ಸಾಕಮ್ಮ ಎಂದೂ, ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವಾದ್ದರಿಂದ ಅವರನ್ನು ಸೋದರತ್ತೆಯ ಮಡಿಲಿಗೆ ಹಾಕಿ ಸಾಕಿಸಿದರೆಂದೂ ತಿಳಿಸಿದರು. ಆ ಮನೆಯಲ್ಲಿ ಆ ಹೆಸರು ತಿರಸ್ಕಾರದ ಗುರುತಾಗಿರಲಿಲ್ಲ. ಹೇಗಾದರೂ ಈ ಕೂಸು ಉಳಿಯಲಿ ಎಂಬ ಹರಕೆಯಾಗಿತ್ತು. ನಮ್ಮ ಉದಾಹರಣೆ ತಪ್ಪಾಗಿತ್ತೇ, ಅಥವಾ ಅಪೂರ್ಣವಾಗಿತ್ತೇ? ಈ ಬರೆಹ ಆ ಪ್ರಶ್ನೆಯಿಂದ ಹುಟ್ಟಿದ್ದು.

2. ಎರಡು ‘ಸಾಕು’ಗಳು

ಹೊಸಗನ್ನಡದಲ್ಲಿ ‘ಸಾಕು’ ಎಂಬ ರೂಪಕ್ಕೆ ಎರಡು ಮೂಲಗಳಿವೆ. ಮೊದಲನೆಯದು ‘ಸಾಲ್’ ಎಂಬ ಧಾತು: ಪರ್ಯಾಪ್ತವಾಗು ಎಂದು ಅದರರ್ಥ. ಇದಕ್ಕೆ ಹಳಗನ್ನಡದ ‘ಕುಂ’ ಪ್ರತ್ಯಯ ಸೇರಿ ‘ಸಾಲ್ಕುಂ’ ಆಗಿ, ಲಕಾರ ಅಳಿದು, ಕೊನೆಯ ಅನುಸ್ವಾರವೂ ಬಿದ್ದು ‘ಸಾಕು’ ಉಳಿಯಿತು. ‘ಬೇಳ್ಕುಂ’ ಎಂಬುದು ‘ಬೇಕು’ ಆದದ್ದೂ ಇದೇ ಹಾದಿಯಲ್ಲಿ. ಅಳಿದ ಲಕಾರ ನಿಷೇಧರೂಪವಾದ ‘ಸಾಲದು’ ಎಂಬಲ್ಲಿ ಇಂದಿಗೂ ಕಾಣುತ್ತದೆ. ತಮಿಳಿನ ‘ಚಾಲ್’, ತೆಲುಗಿನ ‘ಚಾಲು’ ಇದರ ಜ್ಞಾತಿಪದಗಳು. ಪದಾದಿಯ ಚಕಾರಕ್ಕೆ ಕನ್ನಡದಲ್ಲಿ ಸಕಾರ ಬರುವುದು ‘ಸಾವು’ ಮೊದಲಾದ ಪದಗಳಿಂದಲೂ ತಿಳಿದ ಸಂಗತಿ. ತಮಿಳಿನಲ್ಲಿ ಈ ಧಾತುವಿಗೆ ತುಂಬಿರು, ಶ್ರೇಷ್ಠವಾಗಿರು ಎಂಬ ಅರ್ಥಗಳೂ ಇವೆ. ‘ಇನ್ನು ಬೇಡ’ ಎಂಬ ನಿಲುಗಡೆಯ ಛಾಯೆ ಮೂಲಾರ್ಥದ್ದಲ್ಲ, ಬಳಕೆಯಿಂದ ಬಂದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯದು ಪೋಷಿಸು, ಸಲಹು ಎಂಬರ್ಥದ ಸಕರ್ಮಕ ಧಾತು ‘ಸಾಕು’. ಇದು ತೆಲುಗಿನಲ್ಲಿ ‘ಸಾಕು’ ಎಂದೇ ಇದೆ. ತುಳುವಿನಲ್ಲಿ ಅನುಸ್ವಾರ ಸಹಿತವಾಗಿ ‘ಸಾಂಕುನಿ’ ಎಂದಿದೆ. ಎರಡು ‘ಸಾಕು’ಗಳನ್ನು ಬೇರೆಯಾಗಿಯೇ ಇಡಬೇಕೆಂಬುದಕ್ಕೆ ಈ ಸೋದರ ಭಾಷೆಗಳು ಒಳ್ಳೆಯ ಸಾಕ್ಷಿ. ತೆಲುಗಿನಲ್ಲಿ ಪರ್ಯಾಪ್ತಿಗೆ ‘ಚಾಲು’, ಪೋಷಣೆಗೆ ‘ಸಾಕು’. ತುಳುವಿನಲ್ಲಿ ಪರ್ಯಾಪ್ತಿಗೆ ‘ಯಾವು’, ಪೋಷಣೆಗೆ ‘ಸಾಂಕು’. ಎರಡೂ ಅರ್ಥಗಳು ಒಂದೇ ರೂಪದಲ್ಲಿ ಬಂದು ಕೂಡಿದ್ದು ಕನ್ನಡದಲ್ಲಿ. ಆದುದರಿಂದ ‘ಸಾಕಮ್ಮ’ ಎಂಬ ಹೆಸರನ್ನು ಕೇಳಿದ ತೆಲುಗು ಭಾಷಿಕರಿಗೆ ‘ಇನ್ನು ಬೇಡ’ ಎಂಬ ಧ್ವನಿ ಕೇಳಿಸಬೇಕಾದ ಕಾರಣವೇ ಇಲ್ಲ. ಕನ್ನಡಿಗರಿಗೆ ಅದು ಕೇಳಿಸದಿರುವುದೇ ಕಷ್ಟ.

3. ರಚನೆ ಏನು ಹೇಳುತ್ತದೆ?

ಪೋಷಣಾರ್ಥದ ‘ಸಾಕು’ ನಾಮಪದದ ಹಿಂದೆ ನೇರವಾಗಿ ನಿಂತು ಸಮಾಸವಾಗಬಲ್ಲುದು: ಸಾಕುಮಗಳು, ಸಾಕುತಾಯಿ, ಸಾಕುಪ್ರಾಣಿ. ಇಲ್ಲಿ ಸಾಕುಮಗಳು ಸಾಕಲ್ಪಟ್ಟವಳು, ಸಾಕುತಾಯಿ ಸಾಕಿದವಳು. ಕರ್ತೃ-ಕರ್ಮಗಳ ನಿರ್ಣಯವನ್ನು ರಚನೆ ಮಾಡುವುದಿಲ್ಲ, ಉತ್ತರಪದದ ಅರ್ಥ ಮಾಡುತ್ತದೆ. ಈ ಮಾದರಿಯಲ್ಲಿ ಸಾಕಮ್ಮ ‘ಸಾಕಿ ಉಳಿಸಿಕೊಂಡ ಹೆಣ್ಣುಮಗಳು’ ಆಗಬಹುದು. ‘ಅಮ್ಮ’ ಎಂಬುದನ್ನು ವಾಚ್ಯಾರ್ಥದಲ್ಲೇ ತೆಗೆದುಕೊಂಡರೆ ‘ಸಾಕುವ ತಾಯಿ’ಯೂ ಆಗಬಹುದು.

ಪರ್ಯಾಪ್ತಿಯ ‘ಸಾಕು’ ಹಾಗಲ್ಲ. ಅದು ಲಿಂಗವಚನಗಳ ವಿಕಾರವಿಲ್ಲದೆ ಹೆಪ್ಪುಗಟ್ಟಿದ ಪೂರ್ಣಕ್ರಿಯಾಪದ. ನಾಮಪದಕ್ಕೆ ವಿಶೇಷಣವಾಗಿ ಬರುವುದಿಲ್ಲ. ‘ಸಾಕುಮಗಳು’ ಎಂದರೆ ‘ಸಾಕೆನಿಸಿದ ಮಗಳು’ ಎಂದು ಯಾರೂ ತಿಳಿಯರು. ‘ಸಾಕಷ್ಟು’ ಎಂಬುದು ಪರಿಮಾಣವಾಚಕದೊಡನೆ ಮಾತ್ರ ನಡೆಯುವ ಸೀಮಿತ ರಚನೆ.

ಆದರೂ ಈ ವಾದವನ್ನು ಅತಿಯಾಗಿ ಎಳೆಯಲಾಗದು. ತಮಿಳುನಾಡಿನ ‘ಪೋದುಂಪೊಣ್ಣು’ ಎಂಬ ಹೆಸರಿನಲ್ಲಿ ‘ಸಾಕು’ ಎಂಬರ್ಥದ ‘ಪೋದುಂ’ ನಾಮಪದದ ಹಿಂದೆ ನಿಂತಿದೆ. ತಮಿಳಿನ ‘ಉಂ’ ರೂಪ ಪೂರ್ಣಕ್ರಿಯೆಯೂ ಹೌದು, ವಿಶೇಷಣವಾಗುವ ಕೃದಂತವೂ ಹೌದು. ಕನ್ನಡದ ‘ಸಾಕು’ವಿಗೆ ಆ ಎರಡನೆಯ ಅವಕಾಶವಿಲ್ಲ ಎಂದು ನಾವು ಉತ್ತರಿಸಬಹುದು. ಆದರೆ ‘ಸಾಕು, ಅಮ್ಮ!’ ಎಂಬ ಒಂದು ಇಡೀ ವಾಕ್ಯವೇ, ದೇವತೆಗೆ ಮಾಡಿದ ಮೊರೆಯಾಗಿ, ಹೆಸರಾಗಿ ನಿಂತಿರಲಾರದೆಂದು ಹೇಳಲು ಬರುವುದಿಲ್ಲ. ಇಷ್ಟರ ಮೇಲೆ ಲೋಪಸಂಧಿ ತನ್ನ ಕೆಲಸ ಮಾಡಿದೆ: ಸಾಕು ಎಂಬುದರ ಉಕಾರ ಅಳಿದು ‘ಸಾಕಮ್ಮ’ ಆದ ಕ್ಷಣದಲ್ಲಿ ಸಮಾಸಕ್ಕೂ ವಾಕ್ಯಕ್ಕೂ ಇದ್ದ ಗೆರೆ ಅಳಿಸಿಹೋಗುತ್ತದೆ.

ಉತ್ತರಪದದ ಬಗ್ಗೆ ಒಂದು ಮಾತು. ಹತ್ತನೆಯ ಶತಮಾನದ ಅತ್ತಿಮಬ್ಬೆಯ ಹೆಸರಿನಲ್ಲಿರುವ ‘ಅಬ್ಬೆ’ಯೇ ಮುಂದೆ ‘ಅವ್ವೆ’, ‘ಅವ್ವ’ ಆಯಿತು. ಅವ್ವ ಉತ್ತರದ್ದು, ಅಮ್ಮ ದಕ್ಷಿಣದ್ದು ಎಂಬ ಸರಳ ವಿಭಜನೆ ಇಲ್ಲಿ ಪೂರ್ಣವಾಗಿ ನಿಲ್ಲುವುದಿಲ್ಲ. ದಕ್ಷಿಣದ ಗ್ರಾಮೀಣ ಹಾಗೂ ದಲಿತ ಸಮುದಾಯಗಳ ನುಡಿಯಲ್ಲೂ ‘ಸಾಕವ್ವ’ ಸಹಜ ರೂಪ.

4. ಹೆಸರಿಡುವ ಲೋಕ

ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ, ತಿಪ್ಪಣ್ಣ ಎಂದು ಕರೆಯುವ ಪದ್ಧತಿ ಕನ್ನಡ ನಾಡಿಗೆ ಪರಿಚಿತ. ಕೀಳಾದ ಹೆಸರು ಮೃತ್ಯುವಿನ ಕಣ್ಣು ತಪ್ಪಿಸುತ್ತದೆಂಬುದು ಅದರ ಹಿಂದಿನ ತರ್ಕ. ಅಲ್ಲಿ ಹೆಸರಿನ ವಾಚ್ಯಾರ್ಥ ತಿರಸ್ಕಾರ, ಉದ್ದೇಶ ರಕ್ಷಣೆ. ಹಾಗೆಯೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ತಿಪ್ಪೇಸ್ವಾಮಿ ಎಂದು ಹೆಸರು ಪಡೆದವರಿಗೆ ಈ ತರ್ಕವೂ ಅನ್ವಯಿಸದು. ಒಂದೇ ರೂಪ, ಬೇರೆ ಬೇರೆ ಪ್ರೇರಣೆಗಳು. ಸಾಕಯ್ಯ, ಸಾಕಣ್ಣ ಎಂಬ ಗಂಡು ಹೆಸರುಗಳ ಇರವು ಕೂಡ ‘ಹೆಣ್ಣು ಸಾಕು’ ಎಂಬ ವಿವರಣೆ ಎಲ್ಲೆಡೆ ಸಲ್ಲದೆಂಬುದನ್ನು ಸೂಚಿಸುತ್ತದೆ.

ಇದಕ್ಕೆ ವ್ಯತಿರಿಕ್ತವಾದುದು ಮರಾಠಿಯ ‘ನಕುಶಾ’. ಬೇಡವಾದವಳು ಎಂಬ ಅರ್ಥ ಅಲ್ಲಿ ನಿಚ್ಚಳ. ಎರಡನೆಯ ಧಾತುವಿನ ಆಸರೆ ಆ ಹೆಸರಿಗಿಲ್ಲ. 2011ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿದ್ದ 285 ಬಾಲಕಿಯರಿಗೆ ಅಧಿಕೃತವಾಗಿ ಹೊಸ ಹೆಸರುಗಳನ್ನು ನೀಡಲಾಯಿತು. ಸಾಕಮ್ಮ ಎಂಬ ಹೆಸರನ್ನು ಹೊತ್ತವಳು ಅದನ್ನು ಬದಲಿಸದೆಯೇ ಬೇರೆ ಅರ್ಥದಲ್ಲಿ ಬಾಳಬಲ್ಲಳು. 1880ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ದೊಡ್ಡಮನೆ ಸಾಕಮ್ಮನವರು ‘ಕಾಫಿಪುಡಿ ಸಾಕಮ್ಮ’ ಎಂದೇ ಮನೆಮಾತಾದರು; ಬಸವನಗುಡಿಯ ಸಾಕಮ್ಮ ಗಾರ್ಡನ್ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ ಹಿರಿಯಳ ಹೆಸರು ಸಾಕವ್ವ. ಇಡೀ ಸಂಸಾರವನ್ನು ಸಾಕಿದ ಆ ಪಾತ್ರದಲ್ಲಿ ಓದುಗ ಕೇಳುವುದು ಪೋಷಣೆಯ ಧಾತುವನ್ನೇ.

ಇಲ್ಲಿ ಇನ್ನೊಂದು ಎಚ್ಚರ ಅಗತ್ಯ. ‘ಹೆಣ್ಣು ಸಾಕು’ ಎಂಬ ಅರ್ಥದಲ್ಲೇ ಹೆಸರಿಟ್ಟ ಮನೆಗಳಿರಲಿಲ್ಲ ಎಂದು ನಾವು ಹೇಳುತ್ತಿಲ್ಲ, ಇದ್ದವು. ಆದರೆ ಹೆಸರು ಮರೆಯಾದದ್ದನ್ನು ಮನೋಭಾವ ಮರೆಯಾದದ್ದೆಂದು ಓದಬಾರದು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರ ಜನಗಣತಿಯಲ್ಲಿ 960 ಇದ್ದುದು 2001ರಲ್ಲಿ 946ಕ್ಕೆ ಇಳಿಯಿತು. 2011ರಲ್ಲಿ 948 ಆಯಿತು. ಇದು ನವಜಾತೆಯರಿಗೆ ಸಾಕಮ್ಮ ಎಂಬ ಹೆಸರು ಅಪರೂಪವಾಗಿದ್ದ ಕಾಲದ ಲೆಕ್ಕ.

5. ಉಪಸಂಹಾರ

ಸಾಕಮ್ಮ ಎಂಬುದು ಒಂದು ನಿಷ್ಪತ್ತಿಯ ಹೆಸರಲ್ಲ. ಎರಡು ನಿಷ್ಪತ್ತಿಗಳು ಸೇರಿದ ರೂಪ. ಸಮಾಸರಚನೆ ಪೋಷಣೆಯತ್ತ ವಾಲುತ್ತದೆ, ಕನ್ನಡಿಗರ ಕಿವಿ ಪರ್ಯಾಪ್ತಿಯತ್ತ ವಾಲುತ್ತದೆ, ಸಂಧಿ ಎರಡಕ್ಕೂ ಎಡೆಕೊಡುತ್ತದೆ. ನಿರ್ಣಾಯಕವಾಗುವುದು ಆಯಾ ಹೆಸರಿನ ಹಿಂದಿರುವ ಜನನದ ಕಥನ ಮಾತ್ರ. ನಿಘಂಟಿನ ಬಲದಿಂದ ಒಬ್ಬ ಹೆಣ್ಣುಮಗಳನ್ನು ‘ಬೇಡವಾಗಿದ್ದವಳು’ ಎಂದು ತೀರ್ಮಾನಿಸುವ ಅಧಿಕಾರ ಭಾಷಾವಿಜ್ಞಾನಿಗಿಲ್ಲ. ಹೆಸರುಗಳ ಕ್ಷೇತ್ರಕಾರ್ಯದಲ್ಲಿ ‘ಇದರ ಅರ್ಥವೇನು?’ ಎಂಬ ಪ್ರಶ್ನೆಗಿಂತ ಮೊದಲು ‘ಇದನ್ನು ನಿಮಗೆ ಯಾರು, ಯಾಕೆ ಇಟ್ಟರು?’ ಎಂದು ಕೇಳಬೇಕು. ಉತ್ತರ ಹೇಳಬಲ್ಲ ಸಾಕಮ್ಮಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ದಾಖಲಿಸಲು ಉಳಿದಿರುವ ಕಾಲ ಹೆಚ್ಚಿಲ್ಲ.